ಜರಿಗಿಡದ ಬೆನ್ನ ಮೇಲಿನ ಚುಕ್ಕಿಗಳು

ದೊಡ್ಡಪ್ಪಾ,

ನೀವು ತೀರಿಹೋದ ಮೇಲೂ ಆ ಬೆರಳುದ್ದದ ಜರಿಗಿಡ ನನ್ನ ಪ್ರಾಣ ತಿನ್ನುತ್ತಿದೆ. ಹೊಸ ಜಾತಿಯೆಂದು ನೀವು ಹಾಳೆಗೆ ಅಂಟಿಸಿಟ್ಟಿದ್ದನ್ನು ಇವತ್ತು ಸಸ್ಯಸಂಗ್ರಹಾಲಯದ ಮೇಡಂಗೆ ತೋರಿಸಿದೆ. ಭೂತಗನ್ನಡಿ ಹಿಡಿದವರೇ, "ಎಲೆ ಬೆನ್ನಿನ ಕಂದು ಚುಕ್ಕಿ ಯಾರ್ರೀ ಒರೆಸಿದ್ದು? ಅದನ್ನ ನೋಡೇ ಜಾತಿ ಹೇಳೋದು! ಈಗ ಹೊಸದು ಅಂತ ಹೇಗೆ ಒಪ್ಕೊಳ್ಳಲಿ?" ಎಂದು ಗದರಿದರು. ಎಲೆ, ಬೇರು, ಕಡ್ಡಿ ಎಲ್ಲ ಇದ್ದೂ ಸಾಲದಂತೆ!

ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಅದು ಬೂಷ್ಟಲ್ಲವೆಂದು ನೀವಾದರೂ ಹೇಳಬಾರದಿತ್ತೇ? ಬೇರೆ ಹಾಳೆಗಳಿಗೂ ಹತ್ತೀತೆಂಬ ದಿಗಿಲಿಗೆ ಒದ್ದೆ ಬಟ್ಟೆಯಲ್ಲಿ ಉಜ್ಜಿಬಿಟ್ಟೆ. "ನಿನ್ನೆ ಕಂಡ ಚುಕ್ಕಿ ಇವತ್ತು ಕಾಣ್ತಿಲ್ಲ, ನನ್ನ ಕಣ್ಣು ಹೋಯ್ತು ಕಣಮ್ಮ" ಎಂದು ನೀವು ಗಿಡಗಳ ಕೆಲಸವನ್ನೇ ಬಿಟ್ಟಿರಿ. ಬಾಯಿಬಿಡಲಾರದೆ ನಾನು ನಿಮ್ಮ ಕೈ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.