ತೇಲಿದ ತತ್ತಿ, ಮೊಳೆಯದ ಭತ್ತ

ಬುಧವಾರ, ಜುಲೈ ೯. ಸಿಂಧನೂರು

ಪಕ್ಕದ ಮನೆಯ ಖಾಸಿಂಬೀ ಅಕ್ಕನ ಸಸಿಮಡಿಯಲ್ಲಿ ಅರ್ಧದಷ್ಟು ಭತ್ತ ಮೊಳೆತಿಲ್ಲ. ಸಂಜೆ ಅವರೇ ಬಂದು ತಿಳಿಸಿದರು. ಗಂಡ ದಸ್ತಗೀರ್‌ಸಾಬ್ ವರ್ಷವರ್ಷವೂ ಉಳಿಸಿಕೊಂಡು ಬಂದ ತಳಿ ಅದು. ಬೇರೆ ಯಾರ ಹತ್ತಿರವೂ ಇಲ್ಲ. ಅವರು ತೀರಿಕೊಂಡ ಮೇಲೆ ಇದು ಮೊದಲ ಬಿತ್ತನೆ.

ಜೊಳ್ಳು ತೇಲಿಸಿ ತೆಗೆಯಲು ಬೀಜವನ್ನು ಉಪ್ಪುನೀರಿಗೆ ಹಾಕುತ್ತಾರೆ. ಕೋಳಿಯ ತತ್ತಿ ತೇಲುವವರೆಗೆ ಉಪ್ಪು ಕಲಸುವುದು ಅವರ ಮನೆಯ ಪದ್ಧತಿ.

“ತತ್ತಿ ತೇಲಿತ್ರೀ ಮಾಸ್ತರ. ಜೊಳ್ಳು ಮ್ಯಾಲ ಬರಲಿಲ್ಲ, ಬೀಜ ಚಲೋ ಅದಾವ ಅಂತ ಖುಷಿಪಟ್ಟೆ.”

“ತತ್ತಿ ಎಲ್ಲೀದು ಅಕ್ಕಾ?”

“ಅಂಗಡೀದು. ಕೋಳಿ ಮಾರೀನಲ್ರೀ.”

ಅಂಗಡಿಯ ಹಳೆಯ ತತ್ತಿ ಸ್ವಲ್ಪ ಉಪ್ಪಿಗೇ ತೇಲುತ್ತದೆ, ಜೊಳ್ಳು ತೇಲುವುದಿಲ್ಲ; ಅದೂ ಬೀಜದ ಜೊತೆ ಮಡಿಗೆ ಹೋಗಿದೆ. ಹತ್ತು ಕಿಲೋ ನೀರಿಗೆ ಅವರು ಹಾಕಿದ್ದು ಕಾಲು ಕಿಲೋ; ಶೇಕಡಾ ಎರಡೂವರೆಯೂ ಆಗದು. ಹತ್ತಾದರೂ ಬೇಕು. ಅದಕ್ಕೆ ಒಂದು ಕಿಲೋ ಸಾಲದು, ಉಪ್ಪಿನ ತೂಕವೂ ಒಟ್ಟು ತೂಕದಲ್ಲಿ ಸೇರುತ್ತದೆ. ನೂರಾ ಹನ್ನೊಂದು ಗ್ರಾಂ ಹೆಚ್ಚು ಬೇಕು. ಕಾಲೇಜಿನಲ್ಲಿ ನಾನು ದಿನವೂ ಹೇಳಿಕೊಡುವ ಲೆಕ್ಕ; ಅಕ್ಕನಿಗೂ ಹೇಳಿದೆ.

“ಅವ್ರು ಇದ್ದಿದ್ರ ನಕ್ಕೊಂತ ಬೈತಿದ್ರು,” ಎಂದರು. ನಾನು ಲೆಕ್ಕವನ್ನೇ ಮತ್ತೊಮ್ಮೆ ಹೇಳಿದೆ.

ಉಳಿದಿರುವುದು ಅರ್ಧ ಚೀಲ ಬೀಜ. ನಾಳೆ ಬೆಳಿಗ್ಗೆ ಏಳಕ್ಕೆ ಅವರ ಅಂಗಳದಲ್ಲಿ ಉಪ್ಪು ತೂಗುವುದಿದೆ.