ಹಳೇ ಬೈಕಿನ ಹೊಸ ಸೀಟು

ಮೆಕ್ಯಾನಿಕ್ ಮಗಳೇ,

ಎದ್ದ ಕೂಡಲೇ ಆ ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂರಬೇಡ. ಮೊದಲು ಮುಖ ತೊಳೆದು ಇದನ್ನು ಓದು. ನೀನು ಏಳುವ ಹೊತ್ತಿಗೆ ನಾನು ಕಾರ್ಖಾನೆಯಲ್ಲಿ ಹೊಲಿಗೆ ಮಷಿನ್ ಮುಂದೆ ಇರುತ್ತೇನೆ.

ನನ್ನ ಊಟದ ಡಬ್ಬಿಯ ಮುಚ್ಚಳದಲ್ಲಿ ಸೀಮೆಎಣ್ಣೆ ಸುರಿದು ಕಾರ್ಬುರೇಟರಿನ ಬಿಡಿಭಾಗ ನೆನೆಹಾಕಿದ್ದೀಯಲ್ಲ, ಭೇಷ್! ನಾನು ನೋಡದೆ ಚೆಲ್ಲಿಬಿಟ್ಟೆ. ನಿನ್ನ ಪುಣ್ಯ, ಹಿತ್ತಾಳೆಯ ಆ ಪುಟ್ಟ ತುಂಡು ಸಿಂಕಿನ ಜಾಲರಿಯಲ್ಲಿ ಸಿಕ್ಕಿತು. ನನ್ನ ಗುಂಡಿ ಡಬ್ಬಿಯಲ್ಲಿದೆ, ತೆಗೆದುಕೋ. ಮುಚ್ಚಳವನ್ನು ನೀನೇ ತಿಕ್ಕಿಡು.

ಬೈಕ್ ತಂದ ದಿನ "ಈ ಗುಜರಿಯನ್ನ ಯಾರೇ ಹತ್ತುತ್ತಾರೆ?" ಎಂದವಳು ನಾನೇ, ನಿಜ. "ನೀನಂತೂ ಹತ್ತೋದು ಬೇಡಮ್ಮ" ಅಂತ ನೀನೂ ಮೂತಿ ತಿರುಗಿಸಿದ್ದೆ. ಆ ಸಿಟ್ಟಿಗೇ, ನನಗೆ ಹೊಲಿಯಲು ಹೇಳಿದ ಸೀಟಿನ ಹೊದಿಕೆಗೆ ನೀನು ಒಬ್ಬರ ಅಳತೆ ಕೊಟ್ಟೆಯೋ ಏನೋ.

ಹೊದಿಕೆ ಕುರ್ಚಿಯ ಮೇಲಿದೆ. ಉದ್ದವಾಯಿತು ಎಂದು ಗೊಣಗಬೇಡ. ಇಷ್ಟು ವರ್ಷ ಹೊಲಿದವಳಿಗೆ ಅಳತೆ ತಪ್ಪುವುದಿಲ್ಲ, ಇಬ್ಬರಿಗೆಂದೇ ಹೊಲಿದಿದ್ದೇನೆ. ಬೇಡವೆಂದು ಅಟ್ಟಕ್ಕೆಸೆದ ಹಳೇ ಉದ್ದ ಸೀಟನ್ನು ಇಳಿಸಿ, ಅದಕ್ಕೇ ಹಾಕು. ಹಿಂದಿನ ಕಡೆ ಸ್ಪಂಜು ದಪ್ಪಗಿರಲಿ, ನನ್ನ ಸೊಂಟದ ಕಥೆ ನಿನಗೆ ಗೊತ್ತೇ ಇದೆ.

ಸಂಜೆ ಕಾರ್ಖಾನೆ ಗೇಟಿಗೆ ಬಾ. ನಮ್ಮ ಸಾಲಿನ ಹೆಂಗಸರ ಮುಂದೆಲ್ಲ ಬಡಾಯಿ ಕೊಚ್ಚಿಯಾಗಿದೆ, ನನ್ನ ಮಾನ ಕಳೆಯಬೇಡ. ಸ್ಟಾರ್ಟ್ ಆಗದಿದ್ದರೆ ತಳ್ಳಿಕೊಂಡಾದರೂ ಬಾ. ಅವರ ಕಣ್ಣಿಗೆ ಮರೆಯಾಗುವವರೆಗೆ ನಾನು ಹಿಂದೆ ಗತ್ತಿನಿಂದ ಕೂತಿರುತ್ತೇನೆ. ಆಮೇಲೆ ಇಬ್ಬರೂ ಸೇರಿ ತಳ್ಳೋಣ.

ಅಮ್ಮ