ಮುರಿದು ತೋರಿಸಮ್ಮ

೧೪, ಮಂಗಳವಾರ

ಅಮ್ಮನಿಗೆ,

ನಿನ್ನ ಮೊಂಡಿಯ ನಮಸ್ಕಾರ. ನಾನು ಚೆನ್ನಾಗಿದ್ದೇನೆ, ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ, ಆದ್ದರಿಂದ ಆ ಎರಡು ಪ್ರಶ್ನೆಗಳನ್ನು ಬಿಟ್ಟು ಮುಂದಕ್ಕೆ ಓದು. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನಿನ್ನ ಉತ್ತರ ಬಂದುಬಿಡುತ್ತದೆ. ಕಾಗದದ ಬಾಯಿ ಮುಚ್ಚಿಸುವುದು ನಿನ್ನಿಂದಲೂ ಆಗದು, ಅದಕ್ಕೇ ಬರೆಯುತ್ತಿದ್ದೇನೆ.

ಒಂದನೇ ತಾರೀಖಿನೊಳಗೆ ಬಂದು ನಿನ್ನ ಹಲ್ಲಿನ ಲ್ಯಾಬಿನಲ್ಲಿ ಕೂರದಿದ್ದರೆ ಕಿಟಕಿ ಪಕ್ಕದ ನನ್ನ ಮೇಜನ್ನು ಬೇರೆಯವರಿಗೆ ಕೊಡುತ್ತೇನೆ ಅಂದೆಯಲ್ಲ. ಹಲ್ಲಿನ ಸೆಟ್ಟು ಮಾಡಲು ಕಲಿತ ಕೈ ಈಗ ಮೂರು ಕಾಸಿನ ಆಟದ ಗನ್ನಿಗೆ ಬಾಲ ಕಟ್ಟುತ್ತಾ ಕೂತಿದೆ ಅಂತಲೂ ಅಂದೆ. ಭಾವ ನಿನ್ನ ಹಿಂದೆ ನಿಂತು ನಕ್ಕಿದ್ದು ನನಗೆ ಕೇಳಿಸಿತು. ನಗಲಿ. ನಾನು ಬರುವುದಿಲ್ಲ.

ನಾನು ಏನು ಮಾಡುತ್ತೇನೆ ಎಂದು ನೀನು ಒಂದು ಸಲವೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಇಲ್ಲಿ ಒಂದು ಹಳೆಯ ಗೋದಾಮಿದೆ. ಭಾನುವಾರ ಬಂತೆಂದರೆ ಅಲ್ಲಿ ಕತ್ತೆ ವಯಸ್ಸಿನವರೆಲ್ಲ ಸೇರಿ, ಸ್ಪಂಜಿನ ಗುಂಡು ಹಾರಿಸುವ ಆಟಿಕೆ ಗನ್ನು ಹಿಡಿದು, ರಟ್ಟಿನ ಡಬ್ಬಗಳ ಹಿಂದೆ ಅಡಗಿ ಆಡುತ್ತಾರೆ. ಅಂಗಡಿಯ ಗನ್ನು ಮಕ್ಕಳ ಅಳತೆಯದು. ಇವರ ಕೈಗೆ ಹಿಡಿ ಸಾಲದು, ಭುಜಕ್ಕೆ ಒರಗಿಸಿಕೊಳ್ಳಲು ಹಿಂದೆ ಏನೂ ಇರುವುದಿಲ್ಲ. ನಾನು ಒಬ್ಬೊಬ್ಬರ ಕೈ, ತೋಳು ಅಳೆದು, ಕಂಪ್ಯೂಟರಿನಲ್ಲಿ ಆಕಾರ ಬಿಡಿಸಿ, ಅವರವರಿಗೆ ಹೊಂದುವ ಹಿಡಿಯನ್ನೂ ಭುಜದ ಆಸರೆಯನ್ನೂ ತ್ರೀಡಿ ಪ್ರಿಂಟರಿನಲ್ಲಿ ಮಾಡಿಕೊಡುತ್ತೇನೆ. ಎಲ್ಲವೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದವು. ದೂರದಿಂದಲೇ ಆಟಿಕೆ ಎಂದು ಗೊತ್ತಾಗಬೇಕು, ಬೇರೆ ಬಣ್ಣ ಕೇಳಿದವರನ್ನು ಹಾಗೇ ವಾಪಸ್ ಕಳಿಸುತ್ತೇನೆ.

ಒಬ್ಬರ ಬಾಯಿಗೆ ಸೆಟ್ಟು ಕೂರಿಸುವುದಕ್ಕೂ ಇನ್ನೊಬ್ಬರ ಭುಜಕ್ಕೆ ಆಸರೆ ಕೂರಿಸುವುದಕ್ಕೂ ಏನು ವ್ಯತ್ಯಾಸ, ನೀನೇ ಹೇಳು. ಲ್ಯಾಬಿನಲ್ಲಿ ನಮ್ಮ ಕೆಲಸ ಚೆನ್ನಾಗಿದ್ದರೆ ಯಾರಿಗೂ ಕಾಣುವುದಿಲ್ಲ, ಕೆಟ್ಟರೆ ಮಾತ್ರ ವಾಪಸ್ ಬರುತ್ತದೆ. ಇಲ್ಲಿ ನನ್ನ ಕೆಲಸ ಹಿಡಿದುಕೊಂಡವರು ಕಣ್ಣೆದುರೇ ಕೇಕೆ ಹಾಕುತ್ತಾರೆ. ನನಗೆ ಅದು ಇಷ್ಟ. ಇಷ್ಟ ಎನ್ನುವುದೊಂದು ಕಾರಣವೇ ಅಲ್ಲ ಎಂದು ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ.

ನನ್ನ ಮೊದಲ ಆಸರೆ ಮುರಿದದ್ದನ್ನು ಭಾವ ಉಪ್ಪುಖಾರ ಹಚ್ಚಿ ಹೇಳಿರುತ್ತಾರೆ. ಪೂರ್ತಿ ಕಥೆ ನನ್ನಿಂದ ಕೇಳು. ಪ್ರಿಂಟರು ಪ್ಲಾಸ್ಟಿಕನ್ನು ಕರಗಿಸಿ ಪದರದ ಮೇಲೆ ಪದರ ಇಡುತ್ತಾ ಹೋಗುತ್ತದೆ. ತುಂಡನ್ನು ಮಲಗಿಸಿ ಮಾಡಿದರೆ ಗಟ್ಟಿ, ಆದರೆ ಕಾಣುವ ಮುಖ ಒರಟು. ನಿಲ್ಲಿಸಿ ಮಾಡಿದರೆ ಮುಖ ನಯ, ಆದರೆ ಭಾರ ಬಿದ್ದರೆ ಪದರ ಬಿಟ್ಟುಕೊಳ್ಳುತ್ತದೆ. ಪ್ರಿಂಟರು ಮುಟ್ಟಿದ ಯಾರಿಗಾದರೂ ಇದು ಗೊತ್ತು, ನನಗೂ ಗೊತ್ತಿತ್ತು. ಆದರೂ ನಿಲ್ಲಿಸಿಯೇ ಮಾಡಿದೆ. ನಕ್ಕಾಗ ಕಾಣುವ ಜಾಗದಲ್ಲಿ ಒಂದು ಗೆರೆಯೂ ಇರಬಾರದು ಎಂದು ಚಿಕ್ಕಂದಿನಿಂದ ನನ್ನ ತಲೆಗೆ ತುಂಬಿದವಳು ನೀನು.

ಸಿಟಿ ಬಸ್ ಓಡಿಸುವ ಅಕ್ಕ ಒಬ್ಬರಿದ್ದಾರೆ, ಆಸರೆ ಮಾಡಿದ್ದು ಅವರಿಗೆ. ಅದನ್ನು ಭುಜಕ್ಕೊತ್ತಿಕೊಂಡು ಮೊಣಕಾಲೂರಿದರು, ಚಟ್ಟೆಂದು ಎರಡು ತುಂಡಾಯಿತು. ಗೋದಾಮೆಲ್ಲ ನಕ್ಕಿತು, ಅಕ್ಕ ಮಾತ್ರ ನಗಲಿಲ್ಲ. ತುಂಡುಗಳನ್ನು ಮುಂದೆ ಹಿಡಿದು, "ಇದು ಶೋಕೇಸಿಗೆ ಚೆನ್ನಾಗಿದೆ ಕಣೆ, ಆಡೋಕೆ ಒಂದು ಮಾಡ್ಕೊಡು" ಅಂದರು. ನನಗೆ ಅಳು ಬಂತು. ಸಿಟ್ಟೂ ಬಂತು, ಅದು ನಿನ್ನ ಮೇಲೆ.

ಮತ್ತೆ ಕೂತೆ. ಈ ಸಲ ಮಲಗಿಸಿ ಮಾಡಿದೆ, ಮೂಲೆಗಳನ್ನು ದುಂಡಗಾಗಿಸಿದೆ, ಬಲಕ್ಕೆಂದು ಬೆನ್ನಿನುದ್ದಕ್ಕೂ ಉಬ್ಬಿದ ಏಣು ಕೊಟ್ಟೆ. ಬಚ್ಚಲಿನ ಕೊಕ್ಕೆಗೆ ಸಿಕ್ಕಿಸಿ ನೀರು ತುಂಬಿದ ಬಕೆಟ್ಟು ನೇತುಹಾಕಿದರೆ, ಬಕೆಟ್ಟಿನ ಹಿಡಿಯೇ ಕಿತ್ತುಬಂತು. ಕೆಳಗಿನ ಮನೆಯವರು ನೀರು ಸೋರುತ್ತಿದೆ ಎಂದು ಜಗಳಕ್ಕೆ ಬಂದರು, ನಾನು ಕ್ಷಮೆ ಕೇಳುತ್ತಲೇ ಒಳಗೊಳಗೆ ಕುಣಿಯುತ್ತಿದ್ದೆ. ಮೊನ್ನೆ ಭಾನುವಾರ ಅಕ್ಕ ಅದರ ಮೇಲೆ ಬಿದ್ದರು, ಎದ್ದರು, ಗೋಡೆಗೆ ಗುದ್ದಿದರು, ಅದು ಜಪ್ಪಯ್ಯ ಅನ್ನಲಿಲ್ಲ. ಈಗ ಅವರ ಗುಂಪಿನವರೆಲ್ಲ ತಮಗೂ ಬೇಕೆಂದು ದುಂಬಾಲು ಬಿದ್ದಿದ್ದಾರೆ.

ಈ ಕಾಗದದ ಜೊತೆ ಅಂಥದೇ ಒಂದು ತುಂಡು ಇಟ್ಟಿದ್ದೇನೆ. ಬೆರಳಾಡಿಸಿದರೆ ಗೆರೆಗಳು ಸಿಗುತ್ತವೆ. ನೀನು ಮೂಗು ಮುರಿಯುತ್ತೀ, ಮುರಿ. ಆಮೇಲೆ ತುಂಡನ್ನೂ ಮುರಿದು ತೋರಿಸು. ಮುರಿಯದಿದ್ದರೆ ಬಗ್ಗಿಸಿ ತೋರಿಸು, ಅದೂ ಸಾಕು. ನಿನ್ನ ಕೈಯಲ್ಲಿ ಇದು ಕೆಟ್ಟರೆ ಒಂದನೇ ತಾರೀಖು ಬೆಳಿಗ್ಗೆ ಬಂದು, ಬಾಯಿ ಮುಚ್ಚಿಕೊಂಡು ಮೇಜಿಗೆ ಕೂರುತ್ತೇನೆ. ಕೆಡದಿದ್ದರೆ ಬಾಲ ಕಟ್ಟುವ ಮಾತು ಇನ್ನು ಎತ್ತಕೂಡದು.

ಇತಿ ನಿನ್ನ ಮಗಳು,
ಮೊಂಡಿ

ವಿ. ಸೂ.: ನೀನೇ ಮುರಿಯಬೇಕು, ಭಾವನ ಕೈಗೆ ಕೊಡಬೇಡ. ನಿನಗೆ ಸೋತರೆ ನನಗೆ ಬೇಜಾರಿಲ್ಲ.


೨೨, ಬುಧವಾರ

ಚಿರಂಜೀವಿ ಮೊಂಡಿಗೆ,

ಅಮ್ಮನ ಆಶೀರ್ವಾದ. ಕಾಗದವೂ ತುಂಡೂ ತಲುಪಿದವು. ಇಷ್ಟು ಒರಟು ಕೆಲಸವನ್ನು ನನ್ನ ಲ್ಯಾಬಿನಿಂದ ಯಾರೂ ಹೊರಗೆ ಕಳಿಸಿದ್ದಿಲ್ಲ.

ನೀನು ಕೇಳಿದಂತೆ ಪರೀಕ್ಷೆ ಮಾಡಿದೆ. ಸೊಟ್ಟಗಾಯಿತು. ಈಗ ಅದನ್ನು ಯಾವ ಭುಜಕ್ಕೂ ಒರಗಿಸಲಾಗದು. ಬಗ್ಗಿದರೂ ಸಾಕು ಎಂದು ಬರೆದವಳು ನೀನೇ, ಆಡಿದ ಮಾತಿಗೆ ತಪ್ಪುವವಳಲ್ಲ ಎಂದೂ ಗೊತ್ತು. ಮೇಜು ಒರೆಸಿಟ್ಟಿರುತ್ತೇನೆ.

ಇತಿ,
ನಿನ್ನಮ್ಮ

ವಿ. ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಲ್ಯಾಬಿನ ಕಬ್ಬಿಣದ ವೈಸಿನ ದವಡೆಗೆ ಬಿಗಿಯಾಗಿ ಕಚ್ಚಿಸಿ ತಿರುಚಿದೆ, ಮಹಡಿಯಿಂದ ಎಸೆದೆ. ಕೊನೆಗೆ ಅಳಿಯಂದಿರನ್ನು ಅದರ ಮೇಲೆ ಹತ್ತಿಸಿ ಕುಣಿಯಲು ಹೇಳಿದೆ. ಅವರ ಕಾಲು ಉಳುಕಿತು, ತುಂಡಿಗೇನೂ ಆಗಲಿಲ್ಲ. ರೇಗಿಹೋಗಿ, ಹಲ್ಲಿನ ಸೆಟ್ಟು ಬೇಯಿಸಿ ಗಟ್ಟಿಮಾಡುವ ಪಾತ್ರೆಯಲ್ಲಿ ಕುದಿಯುವ ನೀರಿಗೆ ಹಾಕಿದೆ. ಮೇಣದ ಹಾಗೆ ಮೆತ್ತಗಾಯಿತು, ಆಮೇಲೆ ಬಗ್ಗಿಸಿದೆ. ಕುದಿಯುವ ನೀರಿನಲ್ಲಿ ಯಾರೂ ಆಟ ಆಡುವುದಿಲ್ಲ, ಅಷ್ಟು ನನಗೂ ಗೊತ್ತು. ಬರಬೇಡ. ನಿನ್ನ ಮೇಜನ್ನು ನಾಳೆಯೇ ಬೇರೆಯವರಿಗೆ ಕೊಡುತ್ತಿದ್ದೇನೆ.